ಗಡ್ಡಿ ಒಂದೇ, ನೆಲ ಬೇರೆ

ಇಂದಿನ ಚಿಂತನೆ.

ಕೊಡಗು, ಶಿವಮೊಗ್ಗದ ತಂಪಿನಲ್ಲಿ ಚಿಗುರುವ ಹಸಿಶುಂಠಿ ನಮ್ಮ ಮಸಗುಪ್ಪಿಯ ಬಿಸಿಲಿಗೆ ಬಾಡುತ್ತದೆ. ಎರೆಮಣ್ಣಲ್ಲಿ ನೀರು ನಿಂತರೆ ಕೊಳೆಯುತ್ತದೆ. ಚಳಿದೇಶದಲ್ಲಾದರೆ ಕುಂಡವನ್ನು ಮನೆಯೊಳಗೇ ಇಡಬೇಕು. ಹಾಗಂತ ಗಡ್ಡಿಯ ಜಾತಿಯೇ ಕೆಟ್ಟದ್ದೇ?

ನಾನು ಕುಂಡದ ತಳಕ್ಕೆ ತೂತು ಮಾಡಿ, ಮಣ್ಣಿಗೆ ಮರಳು, ಗೊಬ್ಬರ ಬೆರೆಸಿ, ನೆರಳಲ್ಲಿಟ್ಟು, ಮೇಲೆ ಕಬ್ಬಿನ ರವದಿ ಹೊದಿಸುತ್ತೇನೆ. ಮೇ ತಿಂಗಳಲ್ಲಿ ಊರಿದ್ದು 8 ತಿಂಗಳಿಗೆ ಕೈಗೆ ಬರುತ್ತದೆ. ಕಾರಣ ಕೂಡಿದರೆ ಫಲ; ಬುದ್ಧರ ಪ್ರತೀತ್ಯ ಸಮುತ್ಪಾದವೂ ಇದನ್ನೇ ಹೇಳುತ್ತದೆ.

ಮಗು ಓದಿನಲ್ಲಿ ಹಿಂದೆ ಬಿದ್ದರೆ ಜನ ಹುಟ್ಟನ್ನು ದೂರುತ್ತಾರೆ. ನಾನು ಕೇಳುವುದು, ನೆರಳು ಕೊಟ್ಟವರು ಯಾರು? ಗಡ್ಡಿ ತನ್ನ ಕುಂಡ ಬದಲಿಸಲಾರದು, ನಾವು ಬದಲಿಸಬಲ್ಲೆವು. ನಮ್ಮ ಓಣಿಯಲ್ಲಿ ಯಾವ ಮಗುವಿಗೆ ಓದಲು ಜಾಗವಿಲ್ಲ, ಇಂದೇ ನೋಡೋಣ.

ಜೈ ಭೀಮ್.