ಹೊಳೆಯ ದಂಡೆಯ ಮನೆಯೂ ಗೃಹಸ್ಥಧರ್ಮವೂ

ಮನೆಯನ್ನು ಎಲ್ಲಿ ಕಟ್ಟಬೇಕೆಂಬುದು ಕಟ್ಟುವವನ ಸ್ವಂತ ವಿಷಯವೆಂದು ಲೋಕರೂಢಿ. ಹಣ ಅವನದು, ಶ್ರಮ ಅವನದು. ನೆಲದ ಕಾಗದವೂ ಅವನ ಹೆಸರಿನಲ್ಲಿಯೇ ಇದ್ದರೆ ಪರರಿಗೆ ಮಾತನಾಡಲು ಎಡೆಯೆಲ್ಲಿ? ಆದರೆ ಮಲಪ್ರಭೆಯ ದಂಡೆಯ ಹಳ್ಳಿಗಳಲ್ಲಿ ಈ ಪ್ರಶ್ನೆಯು ಅಷ್ಟು ಸುಲಭವಾಗಿ ತೀರುವಂತಹದಲ್ಲ. 2009ರ ಸೆಪ್ಟೆಂಬರ್ ಕೊನೆಯ ಮಹಾಪೂರವೂ 2019ರ ಆಗಸ್ಟಿನ ಪ್ರವಾಹವೂ ಆದ ಮೇಲೆ ಗ್ರಾಮಸಭೆಗಳಲ್ಲಿ, ಗುಡಿಯ ಕಟ್ಟೆಗಳ ಮೇಲೆ, ಮಠದ ಪ್ರಾಂಗಣಗಳಲ್ಲಿ ಒಂದೇ ವಾದವು ಮರಳಿ ಮರಳಿ ಏಳುತ್ತಲಿದೆ. ನೀರು ಹೊಕ್ಕ ಹಳೇ ಊರಿನಲ್ಲಿ ಮತ್ತೆ ಮನೆ ಕಟ್ಟಬಹುದೇ? ಕಟ್ಟುವವನನ್ನು ಊರು ತಡೆಯಬಹುದೇ? ತಡೆಯುವುದಾದರೆ ಯಾವ ಅಧಿಕಾರದಿಂದ?

ಮೊದಲು ಹೊಳೆಯ ಸ್ವಭಾವವನ್ನು ನೋಡೋಣ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ 304 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಗೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟೆಯಾಯಿತು. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯದಿಂದ ಅನೇಕ ಹೊಲಗಳು ಹಸಿರಾದುವೆಂಬುದು ನಿಜ. ಆದರೆ ಅಣೆಕಟ್ಟೆಯ ಕೆಳಗಿನ ದಂಡೆಯವರಿಗೆ ಅದು ಒಂದು ಮರೆವನ್ನೂ ಕೊಟ್ಟಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೊಳೆಯೆಂಬುದು ಮುಳ್ಳುಕಂಟಿ ಬೆಳೆದ ಒಂದು ತಗ್ಗು ಮಾತ್ರ. ಹೀಗೆ ಒಣಗಿದ ತಗ್ಗಿನ ಅಂಚನ್ನು ಒಬ್ಬನು ಉತ್ತನು, ಅವನ ಮಗ್ಗುಲಿನವನು ಇನ್ನೆರಡು ಮಾರು ಮುಂದೆ ಹೋಗಿ ಕಬ್ಬು ಹಚ್ಚಿದನು, ಮತ್ತೊಬ್ಬನು ದನದ ಕೊಟ್ಟಿಗೆ ಹಾಕಿದನು. ಹೊಳೆ ಇಕ್ಕಟ್ಟಾಯಿತು. ಜಲಾಶಯ ತುಂಬಿ ಬಾಗಿಲು ತೆರೆದ ದಿನವೇ, ಕಟ್ಟೆಯ ತಡೆಯಿಲ್ಲದ ಬೆಣ್ಣೆಹಳ್ಳವೂ ಸೊಕ್ಕಿ ಬಂದು ಕೂಡಿದರೆ, ಆ ನೀರು ಹೋಗಬೇಕಾದುದಾದರೂ ಎಲ್ಲಿಗೆ?

ಪಾಠಶಾಲೆಯಲ್ಲಿ ಅಮರಕೋಶವನ್ನು ಓದಿದವರಿಗೆ ನೆನಪಿರಬಹುದು: ನದಿಯ ಎರಡು ದಡಗಳ ನಡುವಣ ಎಡೆಗೆ ಅಲ್ಲಿ 'ಪಾತ್ರ'ವೆಂದು ಹೆಸರು. ಪಾತ್ರವೆಂದರೆ ತುಂಬಿಸಿಕೊಳ್ಳುವುದು, ದಾನಕ್ಕೆ ಯೋಗ್ಯನಾದವನಿಗೂ ಅದೇ ಶಬ್ದ. ಬಿಂದಿಗೆಯು ಬರಿದಾಗಿರುವಾಗ ಅದರೊಳಗೆ ಬೇರೊಂದನ್ನು ಇಟ್ಟು, ನೀರು ತುಂಬಿದಾಗ ನನ್ನ ವಸ್ತು ನೆನೆಯಿತೆಂದು ಬಿಂದಿಗೆಯನ್ನು ಬೈಯುವುದು ಯುಕ್ತವಲ್ಲ. ನೀರಿಲ್ಲದ ಹೊತ್ತಿನಲ್ಲಿಯೂ ಪಾತ್ರವು ಹೊಳೆಯದೇ.

ಇಷ್ಟು ಹೇಳಿದೊಡನೆ ಊರ ಹೊರಗಿನ ಜಾಣರು, "ಹಾಗಾದರೆ ಎಲ್ಲರನ್ನೂ ಎಬ್ಬಿಸಿ ಎತ್ತರಕ್ಕೆ ಕಳಿಸಿರಿ" ಎನ್ನುವರು. ಅದನ್ನೂ ಮಾಡಿ ನೋಡಿದ್ದಾಗಿದೆ. 2009ರ ಪೂರದ ತರುವಾಯ 'ಆಸರೆ' ಯೋಜನೆಯಲ್ಲಿ ಸರಕಾರವೂ ದಾನಿಗಳೂ ಸೇರಿ ಎತ್ತರದ ನೆಲದಲ್ಲಿ ನವಗ್ರಾಮಗಳನ್ನು ಕಟ್ಟಿಸಿದರು. ಹಲವರು ಹೋದರು; ಹಲವರು ಹೋಗಿ ತಿರುಗಿ ಬಂದರು; ಕೆಲವು ಮನೆಗಳು ಬಾಗಿಲು ತೆರೆಯದೆಯೇ ಹಾಳಾದುವು. ತಿರುಗಿ ಬಂದವರನ್ನು ಹಟಮಾರಿಗಳೆಂದು ಬೈಯುವ ಮೊದಲು ಅವರ ಮಾತನ್ನು ಕೇಳಬೇಡವೇ? ಅಲ್ಲಿ ಎತ್ತು ಕಟ್ಟಲು ಸ್ಥಳವಿಲ್ಲ, ಬಣವೆ ಒಟ್ಟಲು ಹಿತ್ತಲಿಲ್ಲ, ಹೊಲ ದೂರವಾಯಿತು, ಇಬ್ಬರು ಗಂಡುಮಕ್ಕಳು ಬೇರೆಯಾದರೆ ಒಂದು ಕೋಣೆಯನ್ನು ಹೆಚ್ಚಿಸುವಂತಿಲ್ಲ. ಮನೆಯೆಂದರೆ ನಾಲ್ಕು ಗೋಡೆಯೆಂದು ತಿಳಿದವರು ಕಟ್ಟಿದ ಮನೆಗಳವು. ಒಕ್ಕಲಿಗನ ಮನೆಯು ಅವನ ಕಾಯಕದ ಅರ್ಧಾಂಗ. ಕಾಯಕದಿಂದ ಬೇರ್ಪಟ್ಟ ಮನೆಯಲ್ಲಿ ರಾತ್ರಿ ಕಳೆಯಬಹುದು, ಸಂಸಾರ ನಡೆಯಲಾರದು. ಬಾಗಲಕೋಟೆಯ ಹಳೆಯ ಊರಿನ ಭಾಗವು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದಾಗ ದುಃಖವಿತ್ತು, ಆದರೆ ಹೀಗೆ ವಾದ ಉಳಿಯಲಿಲ್ಲ. ಅಲ್ಲಿ ನೀರು ಬಂದು ನಿಂತಿತು. ಇಲ್ಲಿ ಎಂಟು ದಿನ ನಿಂತು ಇಳಿಯುತ್ತದೆ. ಇಳಿದ ಮೇಲೆ ತನ್ನ ಹೊಸ್ತಿಲು ಮತ್ತೆ ಕಾಣುತ್ತದೆ. ಕಂಡ ಹೊಸ್ತಿಲನ್ನು ಬಿಡುವುದು ಕಾಣದ ಹೊಸ್ತಿಲನ್ನು ಬಿಡುವುದಕ್ಕಿಂತ ಕಠಿಣ.

ಇಂತಹ ಸಭೆಗಳಲ್ಲಿ ಕೆಲವರು ಶರಣರ ತತ್ತ್ವವನ್ನು ಎತ್ತಿ, ಸ್ಥಾವರವು ನಶ್ವರ, ಮನೆಯ ಮೋಹವನ್ನು ಬಿಡಿರೆಂದು ಉಪದೇಶಿಸುವುದುಂಟು. ಸ್ಥಾವರದ ನಶ್ವರತೆಯನ್ನು ಶರಣರು ಹೇಳಿದ್ದು ನಿಜವೇ. ಆದರೆ ಆ ತತ್ತ್ವವು ಮೊದಲು ಹೇಳುವವನ ಮನೆಗೆ ಅನ್ವಯಿಸತಕ್ಕದ್ದು. ಎತ್ತರದಲ್ಲಿ ಗಟ್ಟಿ ತಾರಸಿಯ ಮನೆಯಲ್ಲಿ ಕುಳಿತವನು ತಗ್ಗಿನ ಮಣ್ಣುಮಾಳಿಗೆಯವನಿಗೆ ವೈರಾಗ್ಯ ಬೋಧಿಸಿದರೆ ಅದು ಅನುಭಾವವಾಗದು. ಇಷ್ಟಕ್ಕೂ ನಾವೇನು ಮಾಡಿದೆವು? ನಾರಾಯಣಪುರದ ಜಲಾಶಯದ ಹಿನ್ನೀರು ಕೂಡಲಸಂಗಮಕ್ಕೆ ಬಂದಾಗ ಬಸವಣ್ಣನವರ ಐಕ್ಯಸ್ಥಳವನ್ನು ನೀರಿಗೆ ಬಿಡಲಿಲ್ಲ. ಸುತ್ತಲೂ ಬಾವಿಯಂತೆ ಎತ್ತರದ ಗೋಡೆಯೆಬ್ಬಿಸಿ ಮೂಲಸ್ಥಾನದಲ್ಲಿಯೇ ಕಾಪಾಡಿಕೊಂಡೆವು. ಅದು ಯೋಗ್ಯವಾದ ಕೆಲಸ. ಒಂದು ಸ್ಥಳಕ್ಕೆ ಮನಸ್ಸು ಅಂಟಿಕೊಳ್ಳುವುದು ಕೇವಲ ಅಜ್ಞಾನವಲ್ಲವೆಂದು ಆ ಗೋಡೆಯೇ ಒಪ್ಪಿದಂತಾಯಿತು. ಹಾಗಿರಲು ಬಡವನ ಅಂಟನ್ನು ಮಾತ್ರ ಮೋಹವೆನ್ನುವುದು ನ್ಯಾಯವೇ?

ಆದರೂ ನನ್ನ ಅಭಿಪ್ರಾಯದಲ್ಲಿ, ಎರಡು ಸಾರಿ ನೀರು ಹರಿದ ಜಾಗದಲ್ಲಿ ಗೊತ್ತಿದ್ದೂ ಹೊಸ ಮನೆ ಕಟ್ಟುವುದು ಸಲ್ಲದು. "ಮುಳುಗಿದರೆ ನಾನು ಮುಳುಗುತ್ತೇನೆ" ಎಂಬ ಮಾತು ವೀರನ ಮಾತಿನಂತೆ ಕೇಳಿಸುತ್ತದೆ, ಸತ್ಯವಲ್ಲ. ಅವನು ಒಬ್ಬನೇ ಮುಳುಗುವುದಿಲ್ಲ. ತೊಟ್ಟಿಲ ಕೂಸು ಆ ಜಾಗವನ್ನು ಆರಿಸಿಕೊಂಡಿಲ್ಲ. ಕೊರಳ ಹಗ್ಗ ಬಿಚ್ಚುವವರಿಲ್ಲದೆ ಗೂಟದಲ್ಲಿಯೇ ನಿಂತ ಎಮ್ಮೆ ಆರಿಸಿಕೊಂಡಿಲ್ಲ. ನಡುರಾತ್ರಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿಯುವ ನೆರೆಮನೆಯ ಹುಡುಗನ ತಾಯಿಯನ್ನು ಯಾರೂ ಕೇಳಿಲ್ಲ. ಅವನು ಎಬ್ಬಿಸಿದ ಹೊಸ ಗೋಡೆಗೆ ಬಡಿದು ತಿರುಗಿದ ನೀರು ಕೆಳಗಿನ ಓಣಿಗೆ ಹೋಗುತ್ತದೆ. 2009ರ ಪೂರದಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಮಿಕ್ಕಿ ಜನ ತೀರಿಕೊಂಡರು. ಮಣ್ಣಿನ ಮನೆಯ ಕುತ್ತು ನೀರು ಇಳಿದ ಮೇಲೂ ಮುಗಿಯುವುದಿಲ್ಲ. ಬುಡ ನೆನೆದ ಗೋಡೆಯು ಬಿಸಿಲು ಬಿದ್ದ ನಾಲ್ಕನೆಯ ದಿನ, ಸಾಮಾನು ತರಲು ಒಳಹೊಕ್ಕವರ ಮೇಲೆ ಕುಸಿಯಬಹುದು. ಆದುದರಿಂದ ಊರಿಗೆ ಬೇಡವೆನ್ನುವ ಅಧಿಕಾರವಿದೆ.

ಆ ಅಧಿಕಾರಕ್ಕೆ ಒಂದು ಋಣವೂ ಅಂಟಿಕೊಂಡಿದೆ. ತಗ್ಗಿನಲ್ಲಿ ವಾಸಿಸುವವರು ಯಾರೆಂದು ಯಾವುದೇ ಹಳ್ಳಿಯಲ್ಲಿ ಒಮ್ಮೆ ನಡೆದು ನೋಡಿರಿ. ಹೊಲವಿಲ್ಲದ ಕೂಲಿಕಾರರು, ಊರು ಎತ್ತರದಲ್ಲಿ ಜಾಗ ಕೊಡದೆ ಕೆಳಗೆ ತಳ್ಳಿದ ಕೇರಿಗಳವರು, ಪಾಲಿನಲ್ಲಿ ಹಿತ್ತಲ ತುದಿ ಮಾತ್ರ ಬಂದ ಕಿರಿಯ ಮಗ. ಇವರು ಹೊಳೆಯ ದಂಡೆಗೆ ಬಂದದ್ದು ಗಾಳಿಯ ಸೊಗಸಿಗಲ್ಲ. ಎತ್ತರದ ನಿವೇಶನದ ಬೆಲೆ ಕೈಗೆಟುಕಲಿಲ್ಲ, ದಂಡೆಯದು ಎಟುಕಿತು. ಇವರಿಗೆ 'ಇಲ್ಲಿ ಬೇಡ' ಎನ್ನುವ ಊರು 'ಅಲ್ಲಿ ಕಟ್ಟು' ಎಂದು ಬೆರಳು ತೋರಿಸಲಾರದಿದ್ದರೆ, ಆ ನಿಷೇಧವು ಬರೀ ದಬ್ಬಾಳಿಕೆ.

2019ರಲ್ಲಿ ಮಠಗಳೂ ಊರುಗಳೂ ಬುಟ್ಟಿ ಬುಟ್ಟಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದುವು. ಹಸಿದವರಿಗೆ ಅನ್ನವಾಯಿತು, ಅದನ್ನು ಕಿರಿದೆನ್ನುವವನು ಹಸಿವು ಕಾಣದವನು. ಆದರೆ ದಾಸೋಹವು ಪೂರದ ವಾರಕ್ಕೆ ಮಾತ್ರ ಮೀಸಲೇ? ಎತ್ತರದಲ್ಲಿ ಹತ್ತು ಎಕರೆ ಉಳ್ಳ ಗೃಹಸ್ಥನು ಬರಗಾಲದ ಒಂದು ಶಾಂತ ವರ್ಷದಲ್ಲಿ, ಯಾರೂ ಅಳದಿರುವಾಗ, ಕೆಲವು ಗುಂಟೆ ನೆಲವನ್ನು ನ್ಯಾಯಬೆಲೆಗೆ ಊರಿಗೆ ಬಿಟ್ಟುಕೊಡುವುದು ರೊಟ್ಟಿ ಕಳಿಸುವುದಕ್ಕಿಂತ ಎಷ್ಟೋ ಕಷ್ಟದ ದಾಸೋಹ. ಅದಕ್ಕೆ ಮೆರವಣಿಗೆಯಿಲ್ಲ, ಹಾರವಿಲ್ಲ. ಮಠಮಾನ್ಯಗಳ ಭೂಮಿಯೂ ಈ ಲೆಕ್ಕದ ಹೊರಗಲ್ಲವೆಂದು ವಿನಯದಿಂದ ಬಿನ್ನವಿಸುತ್ತೇನೆ.

ನಡುವೆ ಮಾರಾಟಗಾರನೊಬ್ಬನಿರುವನು. ಅವನನ್ನು ಎಲ್ಲರೂ ಮರೆಯುತ್ತಾರೆ. ನೀರು ಎಲ್ಲಿಯವರೆಗೆ ಬಂದಿತ್ತೆಂದು ಅವನಿಗೆ ಗೊತ್ತು. ಗೋಡೆಯ ಮೇಲಿನ ಕೆಸರಿನ ಗೆರೆಗೆ ಸುಣ್ಣ ಬಳಿದು, ಪರಊರಿನಿಂದ ದುಡಿಯಲು ಬಂದವನಿಗೆ ಜಾಗ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಗುಡಿಯ ಗೋಡೆಯ ಮೇಲೂ ಶಾಲೆಯ ಗೋಡೆಯ ಮೇಲೂ ಎರಡೂ ವರ್ಷಗಳ ನೀರಿನ ಗೆರೆಯನ್ನು ಬಣ್ಣದಿಂದ ಬರೆಸೋಣವೆಂದರೆ, ಜಾಗದ ಬೆಲೆ ಇಳಿಯುತ್ತದೆಂಬ ಆಕ್ಷೇಪ ಏಳುವುದು. ಇಳಿಯಲಿ! ಸುಳ್ಳಿನಿಂದ ಏರಿದ ಬೆಲೆ ಇಳಿಯುವುದೇ ಲೇಸು. 2019ರಲ್ಲಿ ಪೂರ್ಣ ಬಿದ್ದ ಮನೆಗೆ ಸರಕಾರವು 5 ಲಕ್ಷ ರೂಪಾಯಿ ಸಾರಿತು. ಆ ಹಣವು ಅದೇ ತಗ್ಗಿನಲ್ಲಿ ಮತ್ತೆ ಗೋಡೆಯಾಗಿ ನಿಂತಲ್ಲಿ ನಷ್ಟವು ಮುಂದಿನ ಪೂರಕ್ಕೆ ವರ್ಗವಾಯಿತೇ ಹೊರತು ಪರಿಹಾರವಾಗಲಿಲ್ಲ.

ಉಳಿದದ್ದು ಒಂದು ತೊಡಕು. ಹೊಸದಾಗಿ ಕಟ್ಟುವವರ ವಿಷಯವಾಯಿತು. ಹಳೇ ಊರಿನಲ್ಲಿ ಒಂಟಿಯಾಗಿ ಉಳಿದ ಮುದುಕಿಯೊಬ್ಬಳು, ಮಗ ಕರೆದರೂ ನವಗ್ರಾಮಕ್ಕೆ ಬಾರೆನೆಂದರೆ ಏನು ಮಾಡಬೇಕು? ಆಕೆ ಯಾರನ್ನೂ ಅಪಾಯಕ್ಕೆ ಎಳೆಯಲು ಹೊಸ ಗೋಡೆ ಎಬ್ಬಿಸುತ್ತಿಲ್ಲ. ಗಂಡನೊಡನೆ ಬಾಳಿದ ಮನೆಯಲ್ಲಿ ಕೊನೆಯ ದಿನಗಳನ್ನು ಕಳೆಯಬೇಕೆನ್ನುತ್ತಾಳೆ. ಆಕೆಯನ್ನು ಕಾಯಿದೆಯಿಂದ ಎಳೆದೊಯ್ಯಬೇಕೆಂದು ನನಗೆ ತೋರುವುದಿಲ್ಲ. ಆಷಾಢದಿಂದ ದೀಪಾವಳಿಯವರೆಗೆ ರಾತ್ರಿ ಆಕೆ ಮಗನ ಮನೆಯಲ್ಲಿ ಮಲಗಲಿ, ಹಗಲು ಬಂದು ತನ್ನ ಅಂಗಳ ಸಾರಿಸಿಕೊಳ್ಳಲಿ. ಜಲಾಶಯದ ಬಾಗಿಲು ತೆರೆಯುವ ಸುದ್ದಿ ಬಂದ ದಿನ ಯಾರು ಹೋಗಿ ಆಕೆಯ ಕೈ ಹಿಡಿಯಬೇಕೆಂಬುದನ್ನು ಓಣಿಯವರು ಮಳೆಗಾಲಕ್ಕೆ ಮುಂಚೆಯೇ ಹೆಸರು ಹಿಡಿದು ಗೊತ್ತುಮಾಡಿಕೊಳ್ಳಲಿ.