ಸಂಬಳ ಮತ್ತು ಸಂಭಾವನೆ

ಹಳೆಯ ದಕ್ಷಿಣ ಕನ್ನಡ ಜಿಲ್ಲೆ ದೇಶಕ್ಕೆ ಐದು ದೊಡ್ಡ ಬ್ಯಾಂಕುಗಳನ್ನು ಕೊಟ್ಟಿತು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಮಗನಿಗೋ ಮಗಳಿಗೋ ಬ್ಯಾಂಕಿನಲ್ಲಿ ಕೆಲಸವಾಯಿತೆಂದರೆ ದಡ ಸೇರಿದ ಹಾಗೆ ಎಂಬ ನಂಬಿಕೆ ಮಂಗಳೂರಿನ ಮನೆಗಳಲ್ಲಿ ಬೇರೂರಿದ್ದು ಹೀಗೆ. 2019 ಮತ್ತು 2020ರ ವಿಲೀನದಲ್ಲಿ ಈ ಐದರ ಪೈಕಿ ಮೂರು ಬ್ಯಾಂಕುಗಳ ಹೆಸರೇ ಬೋರ್ಡಿನಿಂದ ಇಳಿಯಿತು. ನಂಬಿಕೆ ಮಾತ್ರ ಇಳಿದಿಲ್ಲ. ಇಂಥ ಊರಲ್ಲಿ ಸಂಬಳದ ಕೆಲಸದಲ್ಲಿರುವ ಹುಡುಗಿಯೊಬ್ಬಳು ‘ಕೆಲಸ ಬಿಟ್ಟು ಡಿಸೈನ್ ಮಾಡಿಕೊಂಡು, ಚಿತ್ರ ಬರೆದುಕೊಂಡು ಇರುತ್ತೇನೆ’ ಅಂದರೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ‘ಮಳೆಗಾಲಕ್ಕೆ ಎಂತ ಮಾಡ್ತಿ?’

ಈ ಪ್ರಶ್ನೆಗೆ ಕರಾವಳಿಯ ಕಲಾವಿದರು ಎಂದೋ ಒಂದು ಉತ್ತರ ಹುಡುಕಿಕೊಂಡಿದ್ದರು. ಯಕ್ಷಗಾನ ಮೇಳದ ತಿರುಗಾಟ ದೀಪಾವಳಿ ಕಳೆದು ಶುರುವಾದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಯವರೆಗೆ. ತಿರುಗಾಟಕ್ಕೆ ಮೊದಲೇ ಯಜಮಾನರ ಜತೆ ಮಾತುಕತೆಯಾಗಿ, ಮುಂಗಡ ಕೈಸೇರಿ, ಆ ವರ್ಷದ ಮಟ್ಟಿಗೆ ಕಲಾವಿದ ಆ ಮೇಳದವನಾಗುತ್ತಾನೆ. ಗೆಜ್ಜೆ ಬಿಚ್ಚಿದ ಮೇಲೆ ಸ್ವತಂತ್ರ: ಒಬ್ಬ ತಾಳಮದ್ದಲೆಗೆ, ಒಬ್ಬ ತಂಡ ಕಟ್ಟಿಕೊಂಡು ಮುಂಬಯಿಗೆ, ಇನ್ನೊಬ್ಬ ಕೆಲವೇ ಜನರ ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಹೊತ್ತು ಮನೆಮನೆಗೆ, ಮತ್ತೊಬ್ಬ ಗದ್ದೆಗೆ. ಆರು ತಿಂಗಳು ನೌಕರಿ, ಆರು ತಿಂಗಳು ತನ್ನದೇ ದಾರಿ. ಇದನ್ನು ಸ್ವರ್ಗವೆಂದು ಬಣ್ಣಿಸುವವರು ರಾತ್ರಿಯಿಡೀ ಕುಣಿದು ಹಗಲು ಯಾರದೋ ಜಗಲಿಯಲ್ಲಿ ನಿದ್ದೆ ಮಾಡಿದವರಲ್ಲ. ಸಂಬಳವೂ ಎಲ್ಲರಿಗೂ ದೊಡ್ಡದಲ್ಲ. ಡೇರೆ ಮೇಳ ನಷ್ಟಕ್ಕೆ ಬಿದ್ದಾಗ ಕಲಾವಿದನೂ ಬಿದ್ದದ್ದುಂಟು. ಆದರೂ ಕಲಾವಿದನಿಗೆ ಮುಂಗಡ ಕೊಡಬೇಕು ಎಂಬ ತಿಳಿವಳಿಕೆ ಆ ವ್ಯವಸ್ಥೆಯೊಳಗೇ ಇತ್ತು. ಅದನ್ನು ನೆನಪಿಟ್ಟುಕೊಳ್ಳಿ.

ಖಾಯಂ ಕೆಲಸ ಎಲ್ಲರನ್ನೂ ಕಾಪಾಡಿತೆಂದೇನೂ ಅಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುತ್ತಲೇ ‘ಶ್ರೀರಾಮಾಶ್ವಮೇಧ’ ಬರೆದರು. ತಾನೇ ಬರೆದದ್ದು ಎನ್ನಲು ಹಿಂಜರಿದು, ಯಾವುದೋ ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದರು. 1901ರಲ್ಲಿ, 31ರ ಪ್ರಾಯದಲ್ಲಿ, ಕ್ಷಯಕ್ಕೆ ತುತ್ತಾದರು. ಮುದ್ದಣ ಎಂಬ ಕವಿ ಇವರೇ ಎಂದು ಕನ್ನಡನಾಡಿಗೆ ಸರಿಯಾಗಿ ತಿಳಿದದ್ದು ಆಮೇಲೆ.

ಇನ್ನೊಂದು ತುದಿಯಲ್ಲಿ ಶಿವರಾಮ ಕಾರಂತರು. ಮಂಗಳೂರಿನ ಸರಕಾರಿ ಕಾಲೇಜನ್ನು ಅಸಹಕಾರ ಚಳವಳಿಗಾಗಿ ಅರ್ಧಕ್ಕೇ ಬಿಟ್ಟವರು ಮತ್ತೆ ಯಾರ ಹಾಜರಿ ಪುಸ್ತಕದಲ್ಲೂ ಸಹಿ ಹಾಕುತ್ತ ಕೂರಲಿಲ್ಲ. ನೌಕರಿ ಬಿಡಬೇಕೆನ್ನುವ ಹುಡುಗರೆಲ್ಲ ಅವರ ಹೆಸರು ಹೇಳುತ್ತಾರೆ. ಹೇಳುವಾಗ ಅವರು ಬರೆದ ಶಾಲಾಪಠ್ಯಗಳನ್ನು, ಪುತ್ತೂರಿನಲ್ಲಿ ನಡೆಸಿದ ಹರ್ಷ ಮುದ್ರಣಾಲಯವನ್ನು, ‘ಸಿರಿಗನ್ನಡ ಅರ್ಥಕೋಶ’ವನ್ನು, ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಮರೆಯುತ್ತಾರೆ. ಯಜಮಾನ ಇರಲಿಲ್ಲ ನಿಜ. ಆದರೆ ಯಾವ ಗುಮಾಸ್ತನೂ ಅಷ್ಟು ದುಡಿದಿರಲಾರ. ನೌಕರಿ ಬಿಡುವುದೆಂದರೆ ದುಡಿಮೆ ಬಿಡುವುದು ಎಂದುಕೊಂಡವರು ಬಿಡದಿರುವುದೇ ಒಳ್ಳೆಯದು.

ಹಾಗಾದರೆ ಹಗಲು ಕಚೇರಿ, ಸಂಜೆ ಕಲೆ? ಬೊಳುವಾರು ಮಹಮದ್ ಕುಂಞಿ ಸಿಂಡಿಕೇಟ್ ಬ್ಯಾಂಕಿನಲ್ಲಿದ್ದುಕೊಂಡೇ ಮುತ್ತುಪ್ಪಾಡಿ ಎಂಬ ಕಲ್ಪನೆಯ ಹಳ್ಳಿಯ ಕತೆಗಳನ್ನು ಬರೆದರು. ಮೇಷ್ಟರ ಕೆಲಸ ಮಾಡುತ್ತ ಬರೆದವರಂತೂ ಈ ಜಿಲ್ಲೆಯಲ್ಲಿ ಸಾಲು ಸಾಲು, ಪಂಜೆ ಮಂಗೇಶರಾಯರಿಂದ ಹಿಡಿದು. ಅವರ ಉದಾಹರಣೆ ಕೊಟ್ಟು ಇಂದಿನವರಿಗೆ ಬುದ್ಧಿ ಹೇಳುವ ಮೊದಲು ಗಡಿಯಾರ ನೋಡಬೇಕು. ಸಂಜೆ ಬಾಗಿಲು ಹಾಕುವ ಕಚೇರಿ ಬೇರೆ, ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿ ಹನ್ನೊಂದಕ್ಕೂ ಫೋನ್ ಕಾಲ್‌ಗೆ ಕರೆಯುವ ಕಚೇರಿ ಬೇರೆ. ಎರಡನೆಯದರಲ್ಲಿ ಸಂಬಳ ಹೆಚ್ಚು, ಸಂಜೆಯೇ ಇಲ್ಲ. ನನ್ನನ್ನು ಕೇಳಿದರೆ, ಸಂಬಳ ಸ್ವಲ್ಪ ಕಡಿಮೆಯಾದರೂ ಸಂಜೆ ಉಳಿಸಿಕೊಡುವ ಕೆಲಸವೇ ಚಿತ್ರ ಬರೆಯುವವಳಿಗೆ ಲಾಭದ್ದು.

ಆ ಹುಡುಗಿ ನೌಕರಿ ಬಿಟ್ಟೇ ಬಿಟ್ಟಳು ಎನ್ನಿ. ಕೆಲಸಕ್ಕೆ ಬರ ಬರುವುದಿಲ್ಲ. ಬ್ರಹ್ಮಕಲಶೋತ್ಸವದ ಆಮಂತ್ರಣ, ಯುವಕ ಮಂಡಲದ ದಶಮಾನೋತ್ಸವ ಸಂಚಿಕೆ, ನೆಂಟರ ಮದುವೆ ಕಾಗದ, ಪುಸ್ತಕದ ಮುಖಪುಟ, ಹೊಸ ಹೋಟೆಲಿನ ಲೋಗೊ, ಒಂದರ ಹಿಂದೆ ಒಂದು ಬರುತ್ತವೆ. ಬರದಿರುವುದು ದುಡ್ಡು. ‘ನಮ್ಮವರೇ ಅಲ್ವಾ, ಒಮ್ಮೆ ಮಾಡಿಕೊಡಿ, ಮತ್ತೆ ನೋಡುವ.’ ಅದೇ ಕಾರ್ಯಕ್ರಮದ ಶಾಮಿಯಾನಕ್ಕೆ, ಮೈಕಿಗೆ, ಅಡುಗೆಯವರಿಗೆ ಮುಂಗಡ ಹೋಗಿರುತ್ತದೆ, ಮುಗಿದ ರಾತ್ರಿಯೇ ಲೆಕ್ಕ ಚುಕ್ತಾ ಆಗಿರುತ್ತದೆ. ಅಕ್ಷರ ಬರೆದವಳು, ಚಿತ್ರ ಬಿಡಿಸಿದವಳು ಮೂರು ತಿಂಗಳಾದ ಮೇಲೆ ನಾಚಿಕೊಂಡು ಒಂದು ಮೆಸೇಜು ಹಾಕಬೇಕು. ‘ಖಾಯಂ ಕೆಲಸ ಬಿಡಬೇಡ ಮಗಾ’ ಎಂದು ಅವಳಿಗೆ ಬುದ್ಧಿ ಹೇಳಿದವರೂ, ‘ಮತ್ತೆ ನೋಡುವ’ ಎಂದವರೂ ಹಲವು ಸಲ ಒಬ್ಬರೇ.

ಈ ವರ್ಷ ನಿಮ್ಮ ಮನೆಯ, ದೇವಸ್ಥಾನದ, ಸಂಘದ ಕಾರ್ಯಕ್ರಮಕ್ಕೆ ಪಕ್ಕದ ಮನೆಯ ಹುಡುಗಿಯಿಂದಲೋ ಹುಡುಗನಿಂದಲೋ ಕೆಲಸ ಮಾಡಿಸಿಕೊಳ್ಳುವುದಿದ್ದರೆ, ದರ ಮೊದಲೇ ಕೇಳಿ, ಶಾಮಿಯಾನದವರಿಗೆ ಮುಂಗಡ ಕೊಡುವ ದಿನವೇ ಅವರಿಗೂ ಕೊಡಿ. ಕಳೆದ ವರ್ಷದ ಬಾಕಿ ಇದ್ದರೆ ಅದನ್ನೂ ಸೇರಿಸಿ.