ತಲೆಯ ಭಾರ, ಉಡಿಯ ಭಾರ

ಮನುಷ್ಯನ ತಲೆಯ ಮೇಲಿನ ಹೊರೆಯನ್ನು ಇಳಿಸುವುದು ಪುಣ್ಯದ ಕೆಲಸವೆಂದು ನಂಬಿದವರು ನಾವು. ದಾರಿಯ ಬದಿಯಲ್ಲಿ ಹೊರೆಗಲ್ಲು ನಿಲ್ಲಿಸಿದ ಹಿರಿಯರ ಮಕ್ಕಳು. ಈ ನಂಬಿಕೆಯ ಬುಡವನ್ನು ಯಾರಾದರೂ ಅಲ್ಲಾಡಿಸಿಯಾರೆಂದು ನಾನು ಎಣಿಸಿರಲಿಲ್ಲ. ಕಳೆದ ವರ್ಷದ ಬೇಸಿಗೆಯಲ್ಲಿ ಐರಣಿಯ ಹೊಲದಲ್ಲಿ ಒಬ್ಬ ಮುದುಕಿ ಒಂದೇ ಮಾತಿನಲ್ಲಿ ಅದನ್ನು ಅಲ್ಲಾಡಿಸಿಬಿಟ್ಟಳು.

ಐರಣಿ ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿನ ಊರು. ಹೊಳೆಮಠದಿಂದ ಹೆಸರಾದದ್ದು, ಹಳೆಯ ಕೋಟೆಯೊಂದನ್ನು ಉಳ್ಳದ್ದು. ಅಲ್ಲಿ ನನ್ನ ಅಕ್ಕನ ಮನೆ. ಆ ಸೀಮೆಯಲ್ಲಿ ಗೋವಿನಜೋಳ ಬಹಳ. ಒಣಗಿಸಲು ಜಾಗ ಸಾಲದೆ ಜನ ಅದನ್ನು ಡಾಂಬರು ರಸ್ತೆಯ ಮೇಲೆಯೇ ಹರವುತ್ತಾರೆ. ರಾತ್ರಿ ಬರುವ ಬೈಸಿಕಲ್ಲಿನವನು ಅದರ ಮೇಲೆ ಜಾರಿ ಬೀಳುತ್ತಾನೆ. ಅಕ್ಕನ ಹೊಲದ ಬದಿಗೆ 40 ಅಡಿ ಉದ್ದ, 30 ಅಡಿ ಅಗಲದ ಕಾಂಕ್ರೀಟಿನ ಕಣವೊಂದನ್ನು ಹಾಕಿಸಿಕೊಡುವ ಹೊಣೆಯನ್ನು ನಾನು ಹೊತ್ತೆ. ಹಣ ನನ್ನದು, ಮೇಲ್ವಿಚಾರಣೆ ನನ್ನದು, ಬೆವರು ಮಾತ್ರ ಅನ್ಯರದು. ಧಾರವಾಡದಲ್ಲಿ ನಿವೃತ್ತರಾಗಿ ಕುಳಿತ ನಮ್ಮಂಥವರ ಪದ್ಧತಿ ಇದೇ ಅಲ್ಲವೆ?

ದಪ್ಪ 4 ಅಂಗುಲವಿರಬೇಕೆಂದ ಗೌಂಡಿ. ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. 400 ಘನ ಅಡಿ, ಎಂದರೆ 11 ಘನಮೀಟರಿಗಿಂತ ತುಸು ಹೆಚ್ಚು. ಕಾಂಕ್ರೀಟು ಘನಮೀಟರಿಗೆ ಸುಮಾರು 2,400 ಕಿಲೋ ತೂಗುತ್ತದೆ. ಒಟ್ಟು 27 ಟನ್ನು! ಎರೆಮಣ್ಣಿನ ದಾರಿಯಲ್ಲಿ ಮಿಕ್ಸರು ಒಳಗೆ ಬರಲೊಲ್ಲದು. ರಸ್ತೆಯಿಂದ ಕಣಕ್ಕೆ 60 ಹೆಜ್ಜೆ. ಬುಟ್ಟಿಗೆ 25 ಕಿಲೋ ಹಿಡಿದರೂ ಸಾವಿರಕ್ಕೆ ಮೇಲೆ ಬುಟ್ಟಿಗಳು. ಕೂಲಿಗೆ ಬರುವವರು ಎಂಟು ಮಂದಿ ಹೆಂಗಸರು. ಒಬ್ಬೊಬ್ಬಳ ಪಾಲಿಗೆ 135 ಸಲ. ಬೆಳಿಗ್ಗೆ ಈ ಅಂಕಿಗಳನ್ನು ಅಳಿಯನ ಮುಂದೆ ಆಡಿದೆ.

“ಅದಕ್ಯಾಕ ಚಿಂತಿ ಮಾಮಾ? ನಮ್ಮ ಗೆಳ್ಯಾನ ಸಣ್ಣ ಟ್ರ್ಯಾಕ್ಟರ್ ಐತಿ, ಮುಂದ ಲೋಡರ್ ಕೂಡಿಸ್ಯಾನ. ತರಸ್ತೀನಿ ತಗೋರಿ,” ಎಂದ.

ಬಂತು ಆ ಟ್ರ್ಯಾಕ್ಟರು. ಮೂತಿಗೆ ಕಬ್ಬಿಣದ ದೊಡ್ಡ ಬಕೆಟ್ಟು. ಒಂದು ಸಲಕ್ಕೆ ಸುಮಾರು 300 ಕಿಲೋ. ಕಂಠಮಟ ತುಂಬಿದರೆ ದಾರಿಯಲ್ಲೆಲ್ಲ ಚೆಲ್ಲುತ್ತದೆ, ಎತ್ತರಕ್ಕೆ ಎತ್ತಿ ನಡೆಸಿದರೆ ಗಾಡಿ ಮಗುಚುತ್ತದೆ. ಆದ್ದರಿಂದ ನೆಲಕ್ಕೆ ಗೇಣುದ್ದ ಮೇಲೆ ಹಿಡಿದು, ಬಸುರಿಯನ್ನು ಕರೆತರುವಂತೆ ಮೆಲ್ಲಗೆ ತರಬೇಕು. ಭಾರವೆಲ್ಲ ಮುಂದೆ ಬಿದ್ದು ಹಿಂದಿನ ಗಾಲಿಗಳು ಹಗುರಾಗುವುದರಿಂದ ಹಿಂದುಗಡೆ ಉಸುಕಿನ ಚೀಲಗಳನ್ನು ಬಿಗಿದರು. ತಗ್ಗು ದಿಣ್ಣೆಗಳಲ್ಲಿ ಕುಲುಕಿದಾಗ ಕಡಿ ಕೆಳಗಿಳಿದು ನೀರು ಮೇಲೆ ನಿಲ್ಲುತ್ತಿತ್ತು. ಇನ್ನಷ್ಟು ನೀರು ಹಾಕಿದರೆ ಸುಲಭವಾಗಿ ಜಾರಿ ಬೀಳುತ್ತದೆಂದು ಚಾಲಕ. ಹಾಕಿದಷ್ಟೂ ಕಣ ಬೇಗ ಸೀಳುತ್ತದೆಂದು ಗೌಂಡಿ. ಗೌಂಡಿಯೇ ಗೆದ್ದ.

ಹೀಗೆ 60 ಹೆಜ್ಜೆಯ ಸಮಸ್ಯೆ ಬಗೆಹರಿಯಿತು, ಮತ್ತು ಐದು ಮಂದಿ ಹೆಂಗಸರಿಗೆ ಕೆಲಸ ಇಲ್ಲದಾಯಿತು. ಬೆಳಗಿನ ಬುತ್ತಿ ಕಟ್ಟಿಕೊಂಡು ಬಂದವರು. ನಾನು ಉದಾರನಂತೆ ಅರ್ಧ ಕೂಲಿ ಕೊಟ್ಟು ಕಳಿಸಿದೆ. ಅವರಲ್ಲಿ ಐವತ್ತೈದು ದಾಟಿದ ಒಬ್ಬಳು ಸಿಂಬೆಯನ್ನು ಬುಟ್ಟಿಯೊಳಗಿಟ್ಟು, ನೋಟುಗಳನ್ನು ಸೆರಗಿಗೆ ಗಂಟುಹಾಕಿಕೊಂಡು ಹೇಳಿದಳು: “ತಲಿ ಹಗುರಾತು ಯಪ್ಪಾ. ಉಡೀನೂ ಹಗುರಾತು.” ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಅರ್ಥಶಾಸ್ತ್ರ ಬಲ್ಲ ಮಿತ್ರರು ಇದಕ್ಕೆ ಸಿದ್ಧವಾದ ಉತ್ತರ ಇಟ್ಟುಕೊಂಡಿದ್ದಾರೆ: ಯಂತ್ರ ಒಂದು ಕಡೆ ಕಸಿದ ಕೆಲಸ ಇನ್ನೊಂದು ಕಡೆ ಹುಟ್ಟುತ್ತದೆ. ಹುಟ್ಟಬಹುದು. ಆದರೆ ಕಳೆದುಕೊಂಡವಳು ಮುದುಕಿ, ಪಡೆದವನು ಇಪ್ಪತ್ತರ ಚಾಲಕ. ಹಾಗೆಂದು ಬುಟ್ಟಿಯೇ ಇರಲಿ ಎನ್ನುವವರ ಪಕ್ಷಕ್ಕೂ ನಾನು ಸೇರಲಾರೆ. ಆಕೆಯ ನೆತ್ತಿಯ ಕೂದಲು ಸಿಂಬೆಯ ಅಳತೆಗೆ ಸವೆದಿದ್ದುದನ್ನು ಕಂಡವನು ನಾನು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರದ ಕಾಯಿದೆ ಬಂತು. ಅದರಡಿಯಲ್ಲಿ 1998ರಲ್ಲಿ ಮಾಡಿದ ನಿಯಮ, ಹೆಂಗಸೊಬ್ಬಳು 30 ಕಿಲೋಗಿಂತ ಹೆಚ್ಚು ಹೊರಕೂಡದೆಂದಿತು. ಅದೇ ಕಾಯಿದೆ, ಕ್ಷೇಮನಿಧಿಗೆ ಹೆಸರು ಬರೆಸಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನವಾದರೂ ದುಡಿದಿರಬೇಕೆಂದೂ ಹೇಳಿತು. ತಲೆ, ಉಡಿ ಎರಡನ್ನೂ ಕಾಗದದ ಮೇಲೆ ಕಂಡವರಿದ್ದಾರೆ. ನಾನು ಕಂಡದ್ದು ತಲೆಯನ್ನು ಮಾತ್ರ.

ಗಾಂಧೀಜಿಯವರು ಯಂತ್ರಗಳ ಮೇಲೆ ಅಷ್ಟು ಕಠಿಣರಾಗಿದ್ದವರು 1924ರಲ್ಲಿ ಹೊಲಿಗೆಯ ಯಂತ್ರಕ್ಕೆ ಮಾತ್ರ ರಿಯಾಯಿತಿ ಕೊಟ್ಟರು. ಹೆಂಡತಿ ಸೂಜಿ ಹಿಡಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದನು, ಅದರ ಹಿಂದೆ ಪ್ರೀತಿಯಿದೆ ಎಂಬುದು ಅವರ ವಾದ. ನನ್ನ ಟ್ರ್ಯಾಕ್ಟರಿನ ಹಿಂದೆಯೂ ಕರುಣೆ ಇತ್ತೆಂದು ಬಹಳ ದಿನ ಸಮಾಧಾನಪಟ್ಟುಕೊಂಡೆ. ಆದರೆ ಸಿಂಗರನ ಹೆಂಡತಿ ಹೊಲಿಗೆಗೆ ಗಂಡನಿಂದ ಕೂಲಿ ಪಡೆಯುತ್ತಿರಲಿಲ್ಲ; ಅವಳ ದಣಿವು ಇಳಿದರೆ ಅನ್ನ ಇಳಿಯುತ್ತಿರಲಿಲ್ಲ. ಮನೆಯವರ ಮೇಲಿನ ಪ್ರೀತಿಯನ್ನು ಅಳೆವ ಸೇರಿನಲ್ಲಿ ಕೂಲಿಯವರ ಮೇಲಿನ ಕರುಣೆಯನ್ನು ಅಳೆಯಲು ಬಾರದು. ಇಲ್ಲಿ ಕೇಳಬೇಕಾದದ್ದು ಉಳಿದ ಹಣ ಯಾರ ಉಡಿಗೆ ಬಿತ್ತು ಎಂದು. ಟ್ರ್ಯಾಕ್ಟರಿನ ಬಾಡಿಗೆ ಕೊಟ್ಟು, ಅರ್ಧ ಕೂಲಿಯನ್ನೂ ಕೊಟ್ಟು, ಇನ್ನೂ ಸ್ವಲ್ಪ ಉಳಿದಿತ್ತು. ಅದು ನನ್ನ ಜೇಬಿನಲ್ಲಿತ್ತು. ಎಂಟೂ ಮಂದಿಯನ್ನು ಇಟ್ಟುಕೊಂಡು, ಬಕೆಟ್ಟು ತುಂಬುವುದು, ಹರವುವುದು, ಕಣಕ್ಕೆ ನೀರುಣಿಸುವುದು ಎಂದು ಹಗುರಾದ ಕೆಲಸವನ್ನು ಹಂಚಿ ಪೂರ್ತಿ ಕೂಲಿ ಕೊಡಬಹುದಾಗಿತ್ತಲ್ಲ! ಜೋಳವನ್ನೇ ನಂಬಿದ ರೈತನಿಗೆ ಇದು ಆಗದ ಮಾತು. ನನಗೆ ಆಗುತ್ತಿತ್ತು; ಧಾರವಾಡದ ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಆ ದಿನ ಸಂಜೆ ಇನ್ನೊಂದು ಸಂಗತಿ ನಡೆಯಿತು. ಬೇವಿನ ಮರದ ಕಡೆಯ ಮೂಲೆಯೊಂದು ಉಳಿದಿತ್ತು. ಹಸಿ ಕಾಂಕ್ರೀಟು ದಾಟಿ ಟ್ರ್ಯಾಕ್ಟರು ಅಲ್ಲಿಗೆ ಹೋಗಲಾರದು. ಬುಟ್ಟಿ ಬೇಕು, ತಲೆ ಬೇಕು. ತಲೆಗಳನ್ನು ಮಧ್ಯಾಹ್ನವೇ ಕಳಿಸಿಯಾಗಿತ್ತು. ಉಳಿದ ಮೂವರು ಸಲಿಕೆ ಬಿಡುವಂತಿಲ್ಲ, ಮಾಲು ಬಿಗಿಯುತ್ತಿದೆ. ನಾನೂ ಅಳಿಯನೂ ಟವೆಲು ಸುತ್ತಿ ಹೊತ್ತೆವು. ಅರ್ಧ ತುಂಬಿದ ಹನ್ನೊಂದು ಬುಟ್ಟಿ ನನ್ನ ಪಾಲಿನದು. ಸಿಮೆಂಟಿನ ನೀರು ಕಿವಿಯ ಹಿಂದೆ ಇಳಿದು ಉರಿಯಿತು. ಕುತ್ತಿಗೆ ಮೂರು ದಿನ ತಿರುಗಲಿಲ್ಲ.

ಸುಗ್ಗಿಯಲ್ಲಿ ಮತ್ತೆ ಹೋದೆ. ಕಣದ ತುಂಬ ಜೋಳ. ಅದೇ ಮುದುಕಿ ಕಾಲಿನಿಂದ ಕಾಳು ಆಡಿಸುತ್ತಿದ್ದಳು, ಅಕ್ಕನ ಮನೆಯ ಕೂಲಿಗೆ. ಗುರುತು ಹಿಡಿದು ನಕ್ಕಳು.

“ಕಣ ಛಲೋ ಆಗೇತ್ರಿ. ಆ ಬೇವಿನ ಗಿಡದ ಮೂಲ್ಯಾಗ ಮಾತ್ರ ಯಾಕೋ ತಗ್ಗು ದಿಣ್ಣಿ ಐತಿ ನೋಡ್ರಿ.”

“ಅಲ್ಲಿ ನಾನು ಹೊತ್ತು ಹಾಕಿದ್ದು ಯವ್ವಾ,” ಎಂದೆ.

“ಹೌದೇನ್ರಿ ಯಪ್ಪಾ?” ಎಂದು ಆಡಿಸುತ್ತಿದ್ದ ಕಾಲು ನಿಲ್ಲಿಸಿ ನನ್ನ ತಲೆಯತ್ತ ನೋಡಿದಳು. “ಕೂಲಿ ಎಷ್ಟ ಸಿಕ್ತು?”